ನೋಮಿಯಲ್ಲಿ ಹ್ಞೂಂಗುಟ್ಟಿದ ಭಾನುವಾರ

೧೯೭೩ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಮಂಡ್ಯದ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಸ್ಪೀಕರ್ ಹೊರಲು ಸೇರಿಕೊಂಡೆ. ಮದುವೆ, ಚುನಾವಣೆ, ಹರಿಕಥೆ, ಎಲ್ಲಕ್ಕೂ ನಮ್ಮದೇ ಮೈಕು. ಮೈಕು ಕುಯ್ಯೆಂದು ಕೂಗುವ ಮೊದಲೇ ಇನ್ನೇನು ಕೂಗುತ್ತದೆ ಎಂದು ನನ್ನ ಕಿವಿಗೆ ಗೊತ್ತಾಗುತ್ತಿತ್ತು. ಆ ಕಿವಿಯೇ ನನ್ನನ್ನು ಬೆಂಗಳೂರಿನ ಸ್ಟುಡಿಯೋಗೆ ಕರೆದೊಯ್ದಿತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಚಿತ್ರೀಕರಿಸಲು ಜಪಾನಿನಿಂದ ಒಂದು ತಂಡ ಬಂದಾಗ ಸ್ಟುಡಿಯೋದವರು ನನ್ನನ್ನು ಅವರ ಜೊತೆಗೆ ಕಳಿಸಿದರು. ಪಕ್ಕದ ಅಂಗಡಿಯ ಜನರೇಟರ್ ಸದ್ದು ತಡೆಯಲು ನಾನು ಒದ್ದೆ ಗೋಣಿಚೀಲಗಳ ಗೋಡೆ ಕಟ್ಟಿದ್ದನ್ನು ಅವರ ಧ್ವನಿ ವಿಭಾಗದ ಮುಖ್ಯಸ್ಥ ಕುರೋದಾ-ಸಾನ್ ನೋಡಿದರು. ಮುಂದಿನ ವರ್ಷ ಟೋಕಿಯೋಗೆ ಕರೆಸಿಕೊಂಡರು. ಅಲ್ಲಿಂದಾಚೆಗೆ ಸಾಕ್ಷ್ಯಚಿತ್ರಗಳಿಗೆ ಧ್ವನಿ ಹಿಡಿಯುವುದೇ ನನ್ನ ಕಸುಬಾಯಿತು.

ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ವಿಸಿಟಿಂಗ್ ಕಾರ್ಡು ಬದಲಾಯಿತು, ಹೊರುವ ಪೆಟ್ಟಿಗೆ ಬದಲಾಗಲಿಲ್ಲ. ಹೋದ ಯುಗಾದಿಗೆ ಇಲ್ಲಿ ಟೋಕಿಯೋದ ಕನ್ನಡದ ಹುಡುಗರು ಇಬ್ಬರು ಮನೆಗೆ ಬಂದು, "ಅಂಕಲ್, ಕೋಡಿಂಗ್ ಸಾಕಾಗಿದೆ, ನಿಮ್ಮ ಲೈನಿಗೆ ಬರ್ತೀವಿ" ಎಂದರು. ಏನು ಎತ್ತ ಎಂದು ಅವರು ಕೇಳಿದ್ದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದದ್ದು: ಈ ಕೆಲಸದಲ್ಲಿ ಹೆದರಿಕೆ ಹೋಗುವುದಿಲ್ಲ. ಕ್ಯಾಮೆರಾದವನು ಕಣ್ಣಿಗೆ ಕಾಣುವುದನ್ನು ಹಿಡಿಯುತ್ತಾನೆ, ತಪ್ಪಿದರೆ ಅವನಿಗೂ ಕಾಣುತ್ತದೆ. ಧ್ವನಿ ಹಾಗಲ್ಲ. ಅದು ಹೋದಮೇಲೇ ಹೋಯಿತೆಂದು ಗೊತ್ತಾಗುವುದು. ಫ್ರಿಜ್ಜು ಯಾವಾಗ ಗುರ್ರೆನ್ನುತ್ತದೋ, ಮೇಲೆ ಯಾವಾಗ ವಿಮಾನ ಬರುತ್ತದೋ, ಮಾತಾಡುವವರ ಕೈ ಯಾವಾಗ ಎದೆಯ ಮೇಲಿನ ಮೈಕಿಗೆ ತಗಲುತ್ತದೋ. ಹಿಂದೆ ಟೇಪು ತಿರುಗುವುದಾದರೂ ಕಣ್ಣಿಗೆ ಕಾಣುತ್ತಿತ್ತು. ಈಗ ಒಂದು ಕೆಂಪು ದೀಪವನ್ನು ನಂಬಿ ಕೂರಬೇಕು. ಹೊಕ್ಕೈದೋ ದ್ವೀಪದ ಹಿಮದಲ್ಲಿ ಒಮ್ಮೆ ಚಳಿಗೆ ಬ್ಯಾಟರಿಗಳೆಲ್ಲ ಸತ್ತುಹೋದವು. ಅಂದಿನಿಂದ ಚಳಿಗಾಲದಲ್ಲಿ ಬ್ಯಾಟರಿಗಳನ್ನು ಬನಿಯನ್ನಿನೊಳಗೆ, ಮೈಗೆ ಒತ್ತಿ ಇಟ್ಟುಕೊಂಡೇ ತಿರುಗಿದೆ. ನನ್ನ ಹೆಂಡತಿ ಜಯಾ ಅದನ್ನು ನೋಡಿ, "ಆ ಬ್ಯಾಟ್ರಿಗೆ ಮಾಡೋ ಉಪಚಾರದಲ್ಲಿ ಅರ್ಧ ನಂಗೆ ಮಾಡಿದ್ರೆ ಮೊಣಕಾಲು ನೋವೇ ಇರ್ತಿರ್ಲಿಲ್ಲ" ಎನ್ನುತ್ತಿದ್ದಳು.

ಎರಡನೆಯದು ಸುಮ್ಮನಿರುವುದು. ಇದನ್ನು ಕಲಿಯಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಜಪಾನಿನಲ್ಲಿ ನನ್ನ ಮೊದಲ ಕೆಲಸ ತತಾಮಿ ಚಾಪೆ ಹೊಲಿಯುವ ಒಬ್ಬ ಮುದುಕರ ಸಂದರ್ಶನ. ಅವರು ತಮ್ಮ ತಂದೆಯ ಕಥೆ ಹೇಳಿದರು, ನಾನು ತುದಿಗೆ ಮೈಕು ಕಟ್ಟಿದ ಬೂಮ್ ಕೋಲು ಹಿಡಿದು ನಿಂತಿದ್ದೆ. ಸಂಜೆ ಕುರೋದಾ-ಸಾನ್ ಟೇಪು ಹಾಕಿ ಕೇಳಿಸಿದರು.

"ಪುತ್ತೋ, ಆ ಮನೆಯಲ್ಲಿ ದನ ಸಾಕಿದ್ದಾರಾ?"

ಪುಟ್ಟಸ್ವಾಮಿ ಎಂಬ ನನ್ನ ಹೆಸರು ಅವರ ಬಾಯಿಗೆ ಪುತ್ತೋ ಆಗಿತ್ತು.

"ಇಲ್ಲ, ಕುರೋದಾ-ಸಾನ್."

"ಹಾಗಾದರೆ ಈ ದನ ನೀನೇ."

ಮುದುಕರ ಪ್ರತಿ ವಾಕ್ಯದ ಕೊನೆಗೂ ನನ್ನ "ಹ್ಞೂಂ" ಇತ್ತು. ನನಗೆ ಅದು ಬಾಯಿಂದ ಬಂದದ್ದೇ ಗೊತ್ತಿರಲಿಲ್ಲ. ನಮ್ಮ ಕಡೆ ಯಾರಾದರೂ ಕಥೆ ಹೇಳಿದರೆ ಕೇಳುವವರು ಹ್ಞೂಂಗುಟ್ಟಲೇಬೇಕು. ನಮ್ಮಜ್ಜಿ ಎರಡು ಸಲ ಹ್ಞೂಂ ಕೇಳಿಸದಿದ್ದರೆ ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು, "ನಿದ್ದೆ ಹೋದ್ಯೇನ್ಲಾ?" ಎಂದು ಕಥೆ ನಿಲ್ಲಿಸಿಬಿಡುತ್ತಿದ್ದಳು. ಜಪಾನಿನವರೂ ಇದರಲ್ಲಿ ಕಡಿಮೆಯೇನಲ್ಲ. ಫೋನಿನಲ್ಲಿ ಮಾತಾಡುವಾಗಲೂ ಈ ಕಡೆಯಿಂದ ಹೈ, ಹೈ, ಅಂದರೆ ಹೌದು, ಹೌದು, ಎನ್ನುತ್ತಲೇ ಇರುತ್ತಾರೆ. ಆದರೆ ಚಿತ್ರ ಮಾಡುವವರಿಗೆ ಅದು ನಿಷಿದ್ಧ. "ಕ್ಯಾಮೆರಾದ ಹಿಂದೆ ಇರುವವರಿಗೆ ಕತ್ತು ಉಂಟು, ಗಂಟಲಿಲ್ಲ" ಎಂದರು ಕುರೋದಾ-ಸಾನ್. ತಲೆ ಆಡಿಸಬಹುದು, ಸದ್ದು ಮಾಡಬಾರದು.

ಎಷ್ಟು ಹತ್ತಿಕ್ಕಿದರೂ ನನ್ನ ಹ್ಞೂಂ ಜಾರುತ್ತಿತ್ತು. ಕೊನೆಗೆ ಕುರೋದಾ-ಸಾನ್ ಊಟದ ಡಬ್ಬಿಯಿಂದ ಒಂದು ಉಮೆಬೋಶಿ ತೆಗೆದುಕೊಟ್ಟರು. ಉಪ್ಪು ಹಾಕಿ ಒಣಗಿಸಿದ ಹುಳಿ ಹಣ್ಣು ಅದು, ನಮ್ಮ ಉಪ್ಪಿನಕಾಯಿಗೆ ಅಕ್ಕ. "ತಿನ್ನು. ಬೀಜ ಉಗುಳಬೇಡ. ನಾಲಿಗೆಯ ಕೆಳಗೆ ಇಟ್ಟುಕೋ." ಬೀಜ ಬಾಯಲ್ಲಿದ್ದರೆ ಹ್ಞೂಂ ಎನ್ನುವ ಮೊದಲು ಅದು ನಾಲಿಗೆಗೆ ಚುಚ್ಚಿ ನೆನಪಿಸುತ್ತಿತ್ತು. ಅಂದಿನಿಂದ ಪ್ರತಿ ಚಿತ್ರೀಕರಣಕ್ಕೂ ನನ್ನ ಬಾಯಲ್ಲಿ ಒಂದು ಬೀಜ. ಕುರೋದಾ-ಸಾನ್ ತೀರಿಕೊಂಡರು, ಟೇಪು ಹೋಗಿ ಮೆಮೊರಿ ಕಾರ್ಡು ಬಂತು, ಬೀಜ ಹೋಗಲಿಲ್ಲ. ಒಂದು ಭಾನುವಾರ ಬಿಟ್ಟರೆ ಮತ್ತೆಂದೂ ನನ್ನ ಧ್ವನಿ ಯಾರ ಮಾತಿನ ಮೇಲೂ ಬೀಳಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಿವೃತ್ತಿಗೆ ಹಿಂದಿನ ಚಳಿಗಾಲದಲ್ಲಿ ನಿರ್ದೇಶಕಿ ಮೊರಿತಾ-ಸಾನ್ ಫೋನು ಮಾಡಿದರು. ನನ್ನ ಮಗಳ ವಯಸ್ಸಿನವರು, ಕೆಲಸದಲ್ಲಿ ಗಟ್ಟಿ. ಪಶ್ಚಿಮ ಕರಾವಳಿಯ ಇಶಿಕಾವಾ ಪ್ರಾಂತ್ಯದ ನೋಮಿಯಲ್ಲಿ ಒಬ್ಬ ಕವಿಯ ಬಗ್ಗೆ ಚಿತ್ರ, ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ, ಹಿಂದುಮುಂದು ಮಾಡುವ ಹಾಗಿಲ್ಲ ಎಂದರು.

ಕವಿಯ ಹೆಸರು ಒದೀಲ್. ಅವರು ಅಕಾಡಿಯನ್. ಕೆನಡಾದ ಪೂರ್ವ ಕರಾವಳಿಯಲ್ಲಿ ಫ್ರೆಂಚ್ ಮಾತಾಡುವ ಅಕಾಡಿಯನ್ ಎಂಬ ಜನ ಇದ್ದಾರೆ. ಇನ್ನೂರೈವತ್ತು ವರ್ಷಕ್ಕೂ ಹಿಂದೆ ಇಂಗ್ಲಿಷರು ಅವರನ್ನು ಹಡಗುಗಳಿಗೆ ತುಂಬಿ ಊರು ಬಿಡಿಸಿದರು. ತಪ್ಪಿಸಿಕೊಂಡವರು, ಹಿಂತಿರುಗಿದವರು ಆ ತೀರದಲ್ಲೇ ಮತ್ತೆ ಬದುಕು ಕಟ್ಟಿಕೊಂಡರು. ಅವರ ದೇಶ ಈಗ ನಕ್ಷೆಯಲ್ಲಿಲ್ಲ, ಬಾಯಲ್ಲಿದೆ. ಒದೀಲ್ ಬರೆಯುತ್ತಿದ್ದದ್ದು ಫ್ರೆಂಚಿಗೆ ಇಂಗ್ಲಿಷ್ ಕಲಸಿದ ಅವರ ಅಡುಗೆಮನೆಯ ಮಾತಿನಲ್ಲಿ. ಪ್ಯಾರಿಸ್ಸಿನಲ್ಲಿ ಓದಿದರೆ ಜನ ನಗುತ್ತಾರೆ, ಊರಿನಲ್ಲಿ ಓದಿದರೆ ಅಳುತ್ತಾರೆ ಎಂದು ಅವರೇ ಹೇಳಿದರು. ಜಪಾನಿನ ತಾಕೆದಾ-ಸಾನ್ ಎಂಬ ವಿಜ್ಞಾನಿಯನ್ನು ಮದುವೆಯಾಗಿ, ಅವರು ಕೆಲಸ ಮಾಡುವ ಸಂಶೋಧನಾ ವಿಶ್ವವಿದ್ಯಾಲಯದ ಪಕ್ಕದಲ್ಲೇ ಮನೆ ಮಾಡಿದ್ದರು.

ಹಿಂದುಮುಂದು ಮಾಡುವ ಹಾಗಿಲ್ಲದ ಕಾರಣ ಅವರ ಗಂಟಲು. ಧ್ವನಿತಂತುವಿನ ಮೇಲೆ ಗಡ್ಡೆ. ಸೋಮವಾರ ಕನಜಾವಾದ ಆಸ್ಪತ್ರೆಯಲ್ಲಿ ಆಪರೇಷನ್. ಆಮೇಲೆ ಜೀವಕ್ಕೆ ಭಯವಿಲ್ಲ, ಆದರೆ ಈಗಿನ ಧ್ವನಿ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಅವರದೊಂದು ದೀರ್ಘ ಕವಿತೆ ಇತ್ತು, 'ಬಾಗಿಲು' ಎಂದು. ಅದು ಅಚ್ಚಾಗಿತ್ತು. ಆದರೆ ಅಚ್ಚಾದದ್ದು ಅರ್ಧ, ಉಳಿದರ್ಧ ಬಾಯಲ್ಲಿದೆ, ಪ್ರತಿ ಸಲ ಹೇಳುವಾಗಲೂ ಬೆಳೆಯುತ್ತದೆ ಎನ್ನುತ್ತಿದ್ದರು. ಅವರು ಹೇಳುವುದನ್ನು ಒಮ್ಮೆಯೂ ಸರಿಯಾಗಿ ಧ್ವನಿಮುದ್ರಿಸಿರಲಿಲ್ಲ. ಗಂಟಲಿಗೆ ಶ್ರಮವಾಗಬಾರದೆಂದು ದಿನಕ್ಕೆ ಒಂದೇ ಸಲ ಹೇಳಲು ವೈದ್ಯರ ಒಪ್ಪಿಗೆ. ಮೂರು ದಿನ, ಮೂರು ಸಲ. ಅಷ್ಟರಲ್ಲಿ ಹಿಡಿಯದಿದ್ದರೆ ಆ ಕವಿತೆ ಆ ಧ್ವನಿಯಲ್ಲಿ ಇನ್ನಿಲ್ಲ.

ಸಂದರ್ಶನಕ್ಕೆ ದುಭಾಷಿಯಾಗಿ ತಾಕೆದಾ-ಸಾನ್ ತಮ್ಮ ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿನಿಯನ್ನು ಕಳಿಸಿದ್ದರು. ನನ್ನ ಮುಖ ನೋಡಿದ್ದೇ ಆಕೆ, "ನೀವು ಕನ್ನಡದೋರಾ? ಸೀರಿಯಸ್ಲೀ? ನೋಮಿಯಲ್ಲಿ?" ಎಂದಳು. ಮೈಸೂರಿನ ಹುಡುಗಿ, ಹೆಸರು ಸಹನಾ. ಊಟದ ಹೊತ್ತಿಗೆ ನನ್ನ ಪಾಲಿನ ಚಟ್ನಿಪುಡಿ ಅವಳದಾಗಿತ್ತು.

ಶುಕ್ರವಾರ ಬೆಳಿಗ್ಗೆ ಮನೆಯ ಸದ್ದುಗಳನ್ನೆಲ್ಲ ಅಡಗಿಸಿದೆ. ಫ್ರಿಜ್ಜಿನ ಪ್ಲಗ್ಗು ಕಿತ್ತು, ವ್ಯಾನಿನ ಕೀ ಅದರೊಳಗೆ ಇಟ್ಟೆ. ಕೀ ಇಲ್ಲದೆ ಮನೆಗೆ ಹೋಗಲಾಗದು, ಹಾಗಾಗಿ ಪ್ಲಗ್ಗು ಮತ್ತೆ ಹಾಕುವುದು ಮರೆಯುವುದಿಲ್ಲ. ಇದನ್ನು ಹುಡುಗರು ಕಲಿಯಬೇಕು. ಹೊರಗೆ ರಸ್ತೆಯ ಹಿಮ ಕರಗಿಸಲು ನೆಲದಿಂದ ಚಿಮ್ಮುವ ನೀರಿನ ಸದ್ದಿತ್ತು. ಆ ಕಡೆಯ ಕಿಟಕಿಗೆ ಹಾಸಿಗೆ ಒರಗಿಸಿದೆ.

ಕವಿತೆಗೆ ಮೊದಲು ಮೊರಿತಾ-ಸಾನ್ ಕೆಲವು ಪ್ರಶ್ನೆ ಕೇಳಿದರು. ಸಹನಾ ಅವನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಆಗ ಹೆಡ್‌ಫೋನಿನಲ್ಲಿ ಒಂದು ಸದ್ದು ಬಂತು. ಯಾರೋ ತಣ್ಣೀರಿಗೆ ಇಳಿದಾಗ ಉಸಿರು ಎಳೆದ ಹಾಗೆ, ಸರ್ರನೆ ಒಳಕ್ಕೆ. ಒದೀಲ್ ಅವರದೇ. ಸ್ವಲ್ಪ ಹೊತ್ತಿಗೆ ಮತ್ತೆ. ಗಂಟಲ ಗಡ್ಡೆ, ಉಸಿರು ಸಿಕ್ಕುತ್ತಿದೆ, ಈ ಮನೆಯಲ್ಲಿ ಅದು ಕೇಳಿಸುತ್ತಿರುವುದು ನನಗೊಬ್ಬನಿಗೇ. ಕೈ ಎತ್ತಿ ಚಿತ್ರೀಕರಣ ನಿಲ್ಲಿಸಿದೆ. "ಉಸಿರಾಡಲು ಆಗುತ್ತಿಲ್ಲ, ಆಸ್ಪತ್ರೆಗೆ ಫೋನ್ ಮಾಡಿ" ಎಂದೆ. ಮೊರಿತಾ-ಸಾನ್ ಫೋನು ಎತ್ತಿಕೊಂಡರು. ತಾಕೆದಾ-ಸಾನ್ ಲ್ಯಾಬಿನ ಚಪ್ಪಲಿಯಲ್ಲೇ ಹಿಮದಲ್ಲಿ ಓಡಿಬಂದರು.

ಒದೀಲ್ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ಅಂಕಲ್, ಅದು ಅವ್ರ 'ಹೌದು'!" ಎಂದಳು ಸಹನಾ. "ಅವ್ರ ಊರಲ್ಲಿ 'ಹೌದು' ಅನ್ನೋದನ್ನ ಉಸಿರು ಒಳಗೆ ಎಳ್ಕೊಂಡೇ ಹೇಳ್ತಾರಂತೆ. ನಾನೂ ಫಸ್ಟ್ ಟೈಮ್ ಅಸ್ತಮಾ ಅಂದ್ಕೊಂಡಿದ್ದೆ. ಬಟ್ ಆಂಬುಲೆನ್ಸ್ ಲೆವೆಲ್ಲಿಗೆ ಹೋಗಿರ್ಲಿಲ್ಲ."

ನಗುವೇನೋ ಆಯಿತು, ಆದರೆ ಆ ಗಲಾಟೆಯಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಒದೀಲ್ ಕವಿತೆ ಶುರು ಮಾಡಿದರು. ಅರ್ಧಕ್ಕೆ ಬರುವಷ್ಟರಲ್ಲಿ ಪಕ್ಕದ ಕೊಮಾತ್ಸುವಿನ ವಾಯುನೆಲೆಯ ಕಡೆಯಿಂದ ಯುದ್ಧವಿಮಾನಗಳು ಒಂದರ ಹಿಂದೆ ಒಂದು ಮನೆಯ ಮೇಲೆ ಹಾದವು. ಹೆಡ್‌ಫೋನಿನಲ್ಲಿ ಕವಿತೆ ಮುಳುಗಿಹೋಯಿತು. ಒಂದು ಸಲ ಮುಗಿಯಿತು.

ಶನಿವಾರ ವಿಮಾನವಿಲ್ಲ, ಗಾಳಿಯಿಲ್ಲ. ಮೊರಿತಾ-ಸಾನ್ ಕವಿಯ ಎದುರಿಗೆ ಕೂತು, ನಾವೆಲ್ಲ ಕಲಿತ ಹಾಗೆ, ಸದ್ದಿಲ್ಲದೆ ತಲೆ ಆಡಿಸುತ್ತಿದ್ದರು. ಒದೀಲ್ ನಾಲ್ಕು ಸಾಲು ಹೇಳಿ ತಡೆದರು. ಮತ್ತೆ ಎರಡು ಸಾಲು. ದನಿ ಸಣ್ಣಗಾಗುತ್ತ ಬಂತು, ಸದ್ದು ಅಳೆಯುವ ಮೀಟರಿನ ಮುಳ್ಳು ಮೇಲೇಳಲೇ ಇಲ್ಲ. ಕೊನೆಗೆ ನಿಲ್ಲಿಸಿ ಸಹನಾಗೆ ಏನೋ ಕೇಳಿದರು.

"ಮೊರಿತಾ-ಸಾನ್‌ಗೆ ತಮ್ಮ ಮೇಲೆ ಕೋಪಾನಾ ಅಂತ ಕೇಳ್ತಿದ್ದಾರೆ" ಎಂದು ಸಹನಾ ನನಗೆ ಪಿಸುಗುಟ್ಟಿ, ಅದನ್ನೇ ಜಪಾನಿಯಲ್ಲಿ ಅವರಿಗೆ ಹೇಳಿದಳು.

"ಸುಮಿಮಾಸೆನ್, ಕ್ಷಮಿಸಿ! ಖಂಡಿತ ಇಲ್ಲ!" ಮೊರಿತಾ-ಸಾನ್ ಕೂತಲ್ಲೇ ಬಗ್ಗಿದರು.

ಒದೀಲ್ ತಲೆ ಅಲ್ಲಾಡಿಸಿದರು. ಅವರ ಊರಿನಲ್ಲಿ ಇಷ್ಟು ಮಂದಿ ಇಷ್ಟು ಸುಮ್ಮನೆ ಕೂತರೆ ಒಳಗೆ ಹೆಣ ಮಲಗಿಸಿದ್ದಾರೆ ಎಂದರ್ಥವಂತೆ. ಎರಡನೇ ಸಲವೂ ಹೋಯಿತು.

ಸಂಜೆ ಚಹಾಕ್ಕೆ ಕೂತಾಗ ಸಹನಾ ತನ್ನ ಲ್ಯಾಬಿನ ಯಾವುದೋ ರಗಳೆ ಹೇಳುತ್ತಿದ್ದಳು. ಒದೀಲ್ ಕೇಳುತ್ತಿದ್ದರು. ಅವಳು ಒಂದು ಮಾತು ಮುಗಿಸುವುದು, ಅವರು ಸರ್ರನೆ ಉಸಿರು ಎಳೆಯುವುದು. ಇನ್ನೊಂದು ಮಾತು, ಇನ್ನೊಂದು ಉಸಿರು. ಹೆಡ್‌ಫೋನ್ ಇಲ್ಲದೆಯೂ ಈಗ ಕೇಳಿಸಿತು. ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಈ ಹೆಂಗಸು ಹ್ಞೂಂಗುಟ್ಟುತ್ತಿದ್ದಾರೆ. ಇವರಿಗೂ ಬೇಕಾಗಿರುವುದು ಒಂದು ಹ್ಞೂಂ.

ಮೊರಿತಾ-ಸಾನ್‌ಗೆ ಹೇಳಿದೆ. ನಾಳೆ ಯಾರಾದರೂ ದನಿ ತೆಗೆದು ಓಗೊಡಲಿ ಎಂದೆ.

"ಯಾರು? ತಾಕೆದಾ-ಸಾನ್ ಕೂತರೆ ಕಣ್ಣೀರು ಹಾಕುತ್ತಾರೆ, ಅದನ್ನು ನೋಡಿ ಒದೀಲ್-ಸಾನ್ ಇನ್ನೂ ತಡವರಿಸುತ್ತಾರೆ. ಸಹನಾ-ಸಾನ್‌ಗೆ ಆ ಮಾತು ಬಾರದು, ಎಲ್ಲಿ ನಿಲ್ಲುತ್ತದೆ ಎಂದೂ ತಿಳಿಯದು. ಅವರ ದನಿಯ ಮೇಲೆ ನಮ್ಮ ದನಿ ಬಿದ್ದರೆ ಏನು ಮಾಡುವುದು, ಪುತ್ತೋ-ಸಾನ್? ಇನ್ನೊಂದು ಸಲ ಹೇಳಿಸಲು ಆ ಧ್ವನಿಯೇ ಇರುವುದಿಲ್ಲ."

ಅವರು ಹೇಳಿದ್ದು ಕುರೋದಾ-ಸಾನ್ ಹೇಳುತ್ತಿದ್ದದ್ದೇ. ಕೈಕೆಳಗಿನ ಹುಡುಗರಿಗೆ ಇಷ್ಟು ವರ್ಷ ನಾನು ಹೇಳಿದ್ದೂ ಅದನ್ನೇ.

ಭಾನುವಾರ ಬೆಳಿಗ್ಗೆ ಗುಡುಗು ಶುರುವಾಯಿತು. ಆ ಕಡಲತೀರದಲ್ಲಿ ಹಿಮ ಬೀಳುವಾಗಲೂ ಗುಡುಗುತ್ತದೆ. ಅದು ದೂರ ಹೋಗುವವರೆಗೆ ಕಾದೆವು. ಕಾಯುತ್ತ ಕಾಯುತ್ತ ನನ್ನ ಅಂಗೈ ಬೆವರಿ ಬೂಮ್ ಕೋಲು ಜಾರುತ್ತಿತ್ತು. ಕೆಂಪು ದೀಪವನ್ನು ಎಷ್ಟು ಸಲ ನೋಡಿದೆನೋ. ಬೀಜ ನಾಲಿಗೆಯ ಕೆಳಗಿತ್ತು.

ಒದೀಲ್ ಶುರು ಮಾಡಿದರು. ಆ ಭಾಷೆಯ ಒಂದು ಪದವೂ ನನಗೆ ಗೊತ್ತಿಲ್ಲ. ಸಹನಾ ಹಿಂದಿನ ದಿನ ಒದೀಲ್ ಅವರನ್ನೇ ಇಂಗ್ಲಿಷಿನಲ್ಲಿ ಕೇಳಿಕೊಂಡು ಸಾರಾಂಶ ಹೇಳಿದ್ದಳು: ಸಮುದ್ರದ ನೀರು ಗದ್ದೆಗೆ ನುಗ್ಗದಂತೆ ಅವರ ಹಿರಿಯರು ಮಣ್ಣಿನ ಏರಿ ಕಟ್ಟಿ, ಅದರೊಳಗೆ ಮರದ ಬಾಗಿಲು ಇಡುತ್ತಿದ್ದರು. ಮಳೆನೀರು ಹೊರಗೆ ಹೋಗುತ್ತದೆ, ಉಪ್ಪುನೀರು ಒಳಗೆ ಬರಲಾರದು. ಊರೆಲ್ಲ ಹಡಗಿಗೆ ಹತ್ತಿದ ಮೇಲೆ ಕಾಯುವವರಿಲ್ಲದ ಆ ಬಾಗಿಲು ತನ್ನಷ್ಟಕ್ಕೆ ತೆರೆದು ಮುಚ್ಚಿಕೊಂಡು ಗದ್ದೆಯನ್ನು ಉಳಿಸುತ್ತಿತ್ತು.

ಮೂರು ಸಾಲು. ನಿಂತರು. ಮೊರಿತಾ-ಸಾನ್ ತಲೆ ಆಡಿಸಿದರು. ಒದೀಲ್ ಕಣ್ಣು ಅವರ ಮುಖದ ಮೇಲೆ ಹುಡುಕಾಡಿತು. ಇನ್ನೊಂದು ಸಾಲು ಬಂತು, ಅದರ ತುದಿ ಒಣಗಿತ್ತು. ಮತ್ತೆ ನಿಂತರು. ಈ ಸಲ ನಿಂತದ್ದು ಉದ್ದವಾಯಿತು. ಅವರ ಗಂಟಲು ಬಿಗಿಯುವ ಸದ್ದು ನನ್ನ ಕಿವಿಯಲ್ಲಿತ್ತು. ಶನಿವಾರವೂ ಇದೇ ಜಾಗದಲ್ಲಿ ಕೇಳಿದ್ದೆ.

ಬೀಜವನ್ನು ಅಂಗೈಗೆ ಉಗುಳಿದೆ.

"ಹ್ಞೂಂ."

ಮೊರಿತಾ-ಸಾನ್ ಕತ್ತು ಗಕ್ಕನೆ ನನ್ನ ಕಡೆ ತಿರುಗಿತು. ಒದೀಲ್ ಕಣ್ಣು ಬೂಮ್ ಕೋಲಿನ ಗುಂಟ ಬಂದು ನನ್ನ ಮೇಲೆ ನಿಂತಿತು. ಮುಂದಿನ ಸಾಲು ನನಗೇ ಹೇಳಿದರು. ಅದು ಬೇರೆ ದನಿ. ಅದರಲ್ಲಿ ಮರಳಿತ್ತು, ಮಣ್ಣಿತ್ತು. ಮುಳ್ಳು ಎದ್ದಿತು.

"ಹ್ಞೂಂ."

ಆಮೇಲೆ ಅವರು ನಿಲ್ಲಲಿಲ್ಲ. ಅರ್ಥವಾಗದ ಮಾತಿಗೆ ಎಲ್ಲಿ ಹ್ಞೂಂಗುಟ್ಟಬೇಕೆಂದು ನನಗೆ ಹೇಗೆ ತಿಳಿಯಿತು ಎಂದು ಕೇಳುತ್ತೀರಿ. ಉಸಿರು ಹೇಳುತ್ತದೆ. ಕಿವಿಯೊಳಗೇ ಇದ್ದ ಆ ಉಸಿರು ಮೇಲೇರಿ ಇಳಿಯುವುದನ್ನು ಕಾದು, ಇಳಿದಮೇಲೆ ಕೊಡುತ್ತಿದ್ದೆ. ಎಲ್ಲಿ ಮೊದಲೇ ಕೊಟ್ಟುಬಿಟ್ಟೆನೋ, ಎಲ್ಲಿ ಅವರ ಮಾತನ್ನು ತುಳಿದೆನೋ ಎಂಬ ಹೆದರಿಕೆ ಪ್ರತಿ ಸಲವೂ ಇತ್ತು. ನಡುವೆ ಮಾಡಿನ ಹಿಮ ದೊಪ್ಪನೆ ಜಾರಿಬಿತ್ತು. ಅವರು ತಡೆದರು, ನಾನು ಹ್ಞೂಂ ಎಂದೆ, ಮುಂದುವರಿದರು. ಅಚ್ಚಾದ ಪುಸ್ತಕ ಹಿಡಿದಿದ್ದ ಸಹನಾ ಪುಟ ತಿರುಗಿಸುವುದನ್ನು ಬಿಟ್ಟುಬಿಟ್ಟಿದ್ದಳು. ಕವಿತೆ ಪುಸ್ತಕವನ್ನು ದಾಟಿ ಹೋಗಿತ್ತು.

ಮುಗಿಯಿತು.

"ಪುತ್ತೋ-ಸಾನ್, ಕೋಣೆಯ ಸದ್ದು" ಎಂದರು ಮೊರಿತಾ-ಸಾನ್. ಅಷ್ಟೇ.

ಪ್ರತಿ ಚಿತ್ರೀಕರಣದ ಕೊನೆಗೂ ಎಲ್ಲರೂ ಇದ್ದಲ್ಲೇ ಸುಮ್ಮನೆ ನಿಂತು, ಆ ಕೋಣೆಯ ಬರೀ ಮೌನವನ್ನು ಒಂದು ನಿಮಿಷ ಹಿಡಿಯುವುದು ಪದ್ಧತಿ. ಆಮೇಲೆ ಮಾತಿನ ನಡುವೆ ತೇಪೆ ಹಾಕಲು ಬೇಕಾಗುತ್ತದೆ. ಎಷ್ಟೋ ಕೋಣೆಗಳ ಮೌನ ಹಿಡಿದಿದ್ದೇನೆ. ಅವತ್ತಿನ ನಿಮಿಷದಲ್ಲಿ ನನ್ನ ಎದೆಬಡಿತವೇ ಮೈಕಿಗೆ ಕೇಳಿಸುತ್ತದೇನೋ ಎನಿಸಿತು.

ವ್ಯಾನಿನಲ್ಲಿ ಬಹಳ ದೂರ ಬಂದಿದ್ದೆವು. ಮೊರಿತಾ-ಸಾನ್ ಕೇಳಿದರು: "ನಿಮ್ಮ ದನಿ ತೆಗೆಯಲು ಆಗುತ್ತದೆಯೇ?"

"ಅವರ ದನಿಯ ಮೇಲೆ ಬಿದ್ದಿಲ್ಲದ ಕಡೆ ಆಗುತ್ತದೆ."

"ಬಿದ್ದಿದೆಯೇ?"

"ಗೊತ್ತಿಲ್ಲ."

ಅಂದು ರಾತ್ರಿ ಟೋಕಿಯೋದ ಕೋಟೋ ಬಡಾವಣೆಯ ಮನೆಗೆ ಬಂದಾಗ ಜಯಾ ತಟ್ಟೆ ಹಾಕಿ, "ಊಟ ಸೇರ್ತಿಲ್ವಾ? ಮುಖ ಯಾಕಿಂಗಿದೆ?" ಎಂದಳು. ನಡೆದದ್ದನ್ನು ಹೇಳಿದೆ. ಮಗಳು ನಂದಿನಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಅಪ್ಪ, ಯು? ಯು ಮೇಡ್ ಎ ಸೌಂಡ್?" ಎಂದಳು. ಅವಳು ಇಲ್ಲೇ ಹುಟ್ಟಿ ಬೆಳೆದವಳು. ಚಿಕ್ಕಂದಿನಲ್ಲಿ ನನ್ನ ಬೂಮ್ ಕೋಲಿನ ಕೆಳಗೆ ಸೀನಿ ಬೈಸಿಕೊಂಡವಳು.

ಶಿನಾಗಾವಾದ ಎಡಿಟಿಂಗ್ ಕೋಣೆಯಲ್ಲಿ ಕೂತು ಹುಡುಕಿದೆ. ಈಗಿನ ಕಂಪ್ಯೂಟರಿನಲ್ಲಿ ಧ್ವನಿ ಚಿತ್ರದ ಹಾಗೆ ಕಾಣುತ್ತದೆ, ಬೇಡದ್ದನ್ನು ಬಟ್ಟೆಯ ಕಲೆಯಂತೆ ಒರೆಸಬಹುದು. ನನ್ನ ಹ್ಞೂಂಗಳು ಬಹುಮಟ್ಟಿಗೆ ಅವರು ಸಾಲುಗಳ ನಡುವೆ ಬಿಟ್ಟ ಜಾಗದಲ್ಲೇ ಬಿದ್ದಿದ್ದವು. ಎರಡು ಕಡೆ ಮಾತ್ರ ಅವರ ಪದದ ಬಾಲ ತುಳಿದಿದ್ದೆ. ಅಲ್ಲಿ ನನ್ನನ್ನು ಒರೆಸಿದರೆ ಅವರೂ ಸ್ವಲ್ಪ ಅಳಿಸಿಹೋಗುತ್ತಿದ್ದರು.

"ಎರಡು ಕಡೆ" ಎಂದರು ಮೊರಿತಾ-ಸಾನ್, ಪರದೆಯಿಂದ ಕಣ್ಣು ತೆಗೆಯದೆ.

"ಸುಮಿಮಾಸೆನ್."

"ಆದರೆ ನೀವು ಸುಮ್ಮನಿದ್ದಿದ್ದರೆ ಉಳಿದದ್ದೂ ಇರುತ್ತಿರಲಿಲ್ಲ. ಅದಕ್ಕೇ ನನಗೆ ಸರಿಯಾಗಿ ಕೋಪವೂ ಬರುತ್ತಿಲ್ಲ." ಅವರು ಕುರ್ಚಿ ತಿರುಗಿಸಿದರು. "ಎರಡು ಪ್ರತಿ ಮಾಡಿ. ನೀವಿಲ್ಲದ್ದೊಂದು, ನೀವಿರುವುದೊಂದು. ಯಾವುದು ಎಂದು ಒದೀಲ್-ಸಾನ್ ಹೇಳಲಿ."

ಹಿಮ ಕರಗಿದಮೇಲೆ ನೋಮಿಗೆ ಹೋದೆವು. ಆಪರೇಷನ್ ಚೆನ್ನಾಗಿ ಆಗಿತ್ತು. ಧ್ವನಿ ಮಾತ್ರ ವೈದ್ಯರು ಹೇಳಿದ ಹಾಗೇ ಹೋಗಿತ್ತು. ಒದೀಲ್ ನಮ್ಮನ್ನು ಬರಮಾಡಿಕೊಂಡು ಏನೋ ಹೇಳಿದರು, ಕಾಗದ ಸವರಿದಷ್ಟೇ ಕೇಳಿಸಿತು. ಸಹನಾ ಕಿವಿಯನ್ನು ಅವರ ಬಾಯಿಗೆ ಹಿಡಿದು, "ಇವತ್ತು ಆಂಬುಲೆನ್ಸ್ ಕರೀಬೇಡಿ ಅಂತಿದ್ದಾರೆ" ಎಂದಳು.

ಮೊದಲು ನಾನಿಲ್ಲದ ಪ್ರತಿ ಹಾಕಿದೆ. ಒದೀಲ್ ಕೈಗಳನ್ನು ಮಂಡಿಯ ಮೇಲಿಟ್ಟು, ಅಲುಗದೆ ಕೇಳಿದರು. ಒಳ್ಳೆಯ ಸ್ವಚ್ಛ ಧ್ವನಿ. ಆದರೆ ಪ್ರತಿ ಸಾಲಿನ ಕೊನೆಗೂ ಒಂದು ಹೊಂಡ. ಕೈಚಾಚಿದವರಿಗೆ ಯಾರೂ ಏನೂ ಕೊಡದ ಹಾಗೆ. ಅದು ಮುಗಿದಾಗ ತಾಕೆದಾ-ಸಾನ್ ಮೆಲ್ಲಗೆ ಎದ್ದು ಕಿಟಕಿಯ ಬಳಿ ಹೋದರು.

ಆಮೇಲೆ ಎರಡನೆಯದನ್ನು ಹಾಕಿದೆ. ಅವರು ಬೇಡವೆಂದರೆ ನಾನು ಮಾಡಿದ್ದು ಬರೀ ಗಲೀಜು. ಮೂರು ಸಾಲು ಬಂತು, ನಾಲ್ಕನೆಯದೂ ಬಂತು. ಆ ಉದ್ದನೆಯ ಮೌನ. ಆಮೇಲೆ ಸ್ಪೀಕರಿನಿಂದ ನನ್ನ ದನಿ: "ಹ್ಞೂಂ."

ಒದೀಲ್ ಸರ್ರನೆ ಉಸಿರು ಒಳಗೆ ಎಳೆದರು.

ಆ 'ಹೌದು' ಎನ್ನಲು ಧ್ವನಿತಂತು ಬೇಕಾಗಿಲ್ಲ, ಬರೀ ಗಾಳಿ ಸಾಕು. ವೈದ್ಯರ ಕತ್ತರಿ ಅದನ್ನು ಮುಟ್ಟಿರಲಿಲ್ಲ. ನಾನು ಹ್ಞೂಂ ಎಂದಲ್ಲೆಲ್ಲ ಅವರೂ ಉಸಿರು ಎಳೆಯುತ್ತ ಹೋದರು, ತಮ್ಮದೇ ದನಿಗೆ ತಾವೇ ಓಗೊಡುತ್ತ. ನಾನು ಅವರ ಪದ ತುಳಿದ ಎರಡು ಕಡೆಯೂ ಬಂದು ಹೋದವು, ಅವರು ಎಳೆದ ಉಸಿರು ತಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಿಂದ ಸಣ್ಣಗೆ "ಹೈ... ಹೈ..." ಎಂದು ಕೇಳಿಸಿತು. ಮೊರಿತಾ-ಸಾನ್. ಅವರಿಗೆ ಬಹುಶಃ ಅದು ಬಾಯಿಂದ ಬಂದದ್ದೇ ಗೊತ್ತಿರಲಿಲ್ಲ.

ಯಾವ ಪ್ರತಿ ಎಂದು ಯಾರೂ ಕೇಳಲಿಲ್ಲ. ಚಿತ್ರ ಎರಡನೆಯದರಲ್ಲೇ ಹೊರಗೆ ಹೋಯಿತು. ಆ ಗಂಡಸಿನ ದನಿ ಯಾರದೆಂದು ಕೆಲವರು ಕೇಳಿದರಂತೆ, ಕೆಲವರು ಧ್ವನಿ ವಿಭಾಗದ ಅಜಾಗರೂಕತೆ ಎಂದರಂತೆ. ಹಾಗೆಂದವರದ್ದೂ ತಪ್ಪಲ್ಲ. ಈ ಕೆಲಸಕ್ಕೆ ಬರುವ ಹುಡುಗರು ಮೊದಲು ಸುಮ್ಮನಿರುವುದನ್ನೇ ಕಲಿಯಲಿ. ನಾನು ಮಾಡಿದ್ದನ್ನು ಮೊದಲ ದಿನವೇ ಮಾಡಿದರೆ ಕುರೋದಾ-ಸಾನ್ ಹೇಳಿದ ದನವಾಗುತ್ತಾರೆ.

ಈಗ ನನ್ನ ಬಳಿ ಇರುವುದು ಇಷ್ಟು: ಕೋಟೋದಲ್ಲಿ ಎರಡು ಕೋಣೆಯ ಮನೆ ಒಂದು. ಹೆಂಡತಿ ಒಬ್ಬಳು, ಮಗಳು ಒಬ್ಬಳು. ಹೆಡ್‌ಫೋನು ಎರಡು, ಅದರಲ್ಲಿ ಕೆಲಸ ಮಾಡುವುದು ಒಂದು. ಕಿವಿಯೂ ಹಾಗೇ. ಉಮೆಬೋಶಿ ಬೀಜ ಒಂದೂ ಇಟ್ಟುಕೊಂಡಿಲ್ಲ.